ಮುದಿ ಸೇನಾಪತಿಯ ಹದಿನೈದನೆಯ ಉತ್ತರ

"ಮುದಿ ಸೇನಾಪತಿಯವರು ಇದ್ದಾರಾ?"

ಬಾಗಿಲಲ್ಲಿ ನಿಂತವನು ಸಿಹಿತಿಂಡಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು. ಅವನ ಕಣ್ಣು ನನ್ನನ್ನು ದಾಟಿ, ಒಳಗಿನ ಮೇಜುಗಳ ನಡುವೆ ಬಿಳಿಗಡ್ಡದವನೊಬ್ಬನನ್ನು ಹುಡುಕುತ್ತಿತ್ತು.

"ಇಲ್ಲ, ಹೊರಗೆ ಹೋಗಿದ್ದಾರೆ," ಅಂದೆ.

ಹಸಿ ಸುಳ್ಳು. ಮುದಿ ಸೇನಾಪತಿ ನಾನೇ.

ನಮ್ಮದು ಕಂಪ್ಯೂಟರ್ ಗೇಮ್‌ಗಳ ಮಾಸಪತ್ರಿಕೆ, ಟೋಕಿಯೋದ ಕಾಂದಾದಲ್ಲಿ ಒಂದು ಇಕ್ಕಟ್ಟಿನ ಕಚೇರಿ. 1992ರಲ್ಲಿ ನಮ್ಮ ಓದುಗರೆಲ್ಲ ಒಂದೇ ಆಟಕ್ಕೆ ಮರುಳಾಗಿದ್ದರು. ಒಂದು ಎತ್ತಿನಗಾಡಿಯಷ್ಟು ಜನರಿಂದ ಶುರುಮಾಡಿ ಊರು ಕಟ್ಟಬೇಕು, ರಾಜ್ಯ ಕಟ್ಟಬೇಕು, ಕೊನೆಗೆ ಚಂದ್ರನಿಗೆ ರಾಕೆಟ್ ಹಾರಿಸಬೇಕು. ನನ್ನದೊಂದು ಸರದಿ, ಎದುರಾಳಿಯದೊಂದು ಸರದಿ. ಸೋತವರು ನಮಗೆ ಪೋಸ್ಟ್‌ಕಾರ್ಡ್ ಬರೆದು ಉಪಾಯ ಕೇಳುತ್ತಿದ್ದರು. ಮುದಿ ಸೇನಾಪತಿ ಎಂಬ ಹೆಸರಿನಲ್ಲಿ, ಪತ್ರಿಕೆಯ ಪುಟದಲ್ಲೂ ಜವಾಬಿನ ಕಾರ್ಡಿನಲ್ಲೂ, ನಾನು ಅವರ ಮಾನ ಹರಾಜು ಹಾಕುತ್ತಿದ್ದೆ.

'ನೂರು ವರ್ಷ ಕಷ್ಟಪಟ್ಟು ದೀಪಸ್ತಂಭ ಕಟ್ಟಿದೆ. ಮುಗಿದ ದಿನವೇ ಪಕ್ಕದ ದೇಶದವರು ನುಗ್ಗಿಬಿಟ್ಟರು. ಎಲ್ಲಿ ತಪ್ಪಿದೆ?'

'ಎಲ್ಲೂ ತಪ್ಪಲಿಲ್ಲ. ನುಗ್ಗುವವರಿಗೆ ದಾರಿ ಕಾಣಬೇಕಲ್ಲ, ದೀಪ ಹಿಡಿದೆ. ಮುಂದಿನ ಜನ್ಮದಲ್ಲಿ ಮೊದಲು ಗೋಡೆ ಕಟ್ಟು.'

ಜನ ಬೈಸಿಕೊಳ್ಳುವುದಕ್ಕೆಂದೇ ಬರೆಯುತ್ತಿದ್ದರು. ಸಂಪಾದಕ ಹಮಾಯಾ ಒಂದೇ ಮಾತು ಹೇಳಿದ್ದರು: "ನೋಡಮ್ಮ ಚಿಝುರು, ಬೈಯೋನು ಮುದುಕ ಅಂತ ಅವರು ಅಂದ್ಕೊಂಡಿದ್ದಾರೆ. ಇಪ್ಪತ್ತೇಳರ ಹುಡುಗಿ ಅಂತ ಗೊತ್ತಾದ್ರೆ ಆ ಪುಟದ ಕಥೆ ಅಷ್ಟೇ."

ಹಾಗಾಗಿ ನಾನು ಹೊರಗಿನವರ ಪಾಲಿಗೆ ಚಹಾ ಕೊಡುವವಳು, ಕಾರ್ಡು ವಿಂಗಡಿಸುವವಳು.

"ಪರವಾಗಿಲ್ಲ," ಅಂದ ಅವನು. "ಕುವಾಬಾರಾ ಬಂದಿದ್ದ ಅಂತ ಹೇಳಿ. ದೀಪಸ್ತಂಭದವನು ಅಂದ್ರೆ ಗೊತ್ತಾಗುತ್ತೆ."

ತಟ್ಟೆಯಲ್ಲಿದ್ದ ಲೋಟಗಳು ಗಡಗಡ ಅಂದವು. ನಗು ತಡೆಯಲು ತುಟಿ ಕಚ್ಚಿಕೊಂಡೆ. ಅವನು ನೋಡಿಬಿಟ್ಟ.

"ನೀವೂ ಓದಿದ್ದೀರಿ ಅಂತಾಯ್ತು!"

"ಕಾರ್ಡು ವಿಂಗಡಿಸೋಳು ನಾನೇ ರೀ. ನೀಲಿ ಶಾಯಿ, ಅಲ್ವಾ? ಒಂದೊಂದು ಅಕ್ಷರಾನೂ ಅಳತೆ ಹಿಡಿದು ಬರೆದ ಹಾಗೆ."

"ನಾನು ಜಮೀನು ಅಳೆಯೋನು. ಸರ್ವೆ ಕೆಲಸ." ಕಿವಿಯ ತುದಿ ಕೆಂಪಾಯಿತು. "ಆ ಮುದುಕ ಎಷ್ಟು ಕೊಬ್ಬಿನವನು ಗೊತ್ತಾ? ಜವಾಬಿನ ಕಾರ್ಡಲ್ಲಿ ನನ್ನ ಹೆಸರಿಗೆ ಆ ಎರಡು ಗೆರೆ ಕೂಡ ಎಳೆಯಲ್ಲ!"

ಕೇಳುವವನೇ ತನ್ನ ವಿಳಾಸ ಬರೆದು ಜೊತೆಗಿಟ್ಟು ಕಳಿಸುವ ಜವಾಬಿನ ಕಾರ್ಡಿಗೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಕಳಿಸುವವನು ತನ್ನ ಹೆಸರಿನ ಕೆಳಗೆ ತನ್ನನ್ನು ತಗ್ಗಿಸಿಕೊಳ್ಳುವ ಅಕ್ಷರವೊಂದನ್ನು ಬರೆದಿರುತ್ತಾನೆ. ಉತ್ತರಿಸುವವರು ಅದನ್ನು ಎರಡು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಗೌರವದ ಅಕ್ಷರ ಬರೆಯಬೇಕು. ಮಕ್ಕಳಿಗೂ ಗೊತ್ತಿರುವ ಮರ್ಯಾದೆ ಅದು. ಸೇನಾಪತಿ ಮಾತ್ರ ಯಾರಿಗೂ ಗೆರೆ ಎಳೆಯುತ್ತಿರಲಿಲ್ಲ.

"ಹಾಗಾದ್ರೆ ಯಾಕೆ ಸಿಹಿ ತಂದ್ರಿ?"

"ಅವರು ಹೇಳಿದ ಹಾಗೆ ಆಡಿ ನಾನು ಒಂದು ಸಲಾನೂ ಸೋತಿಲ್ಲ," ಅಂದ. ಎಷ್ಟು ನಂಬಿಕೆಯಿಂದ ಅಂದನೆಂದರೆ, ನನಗೆ ಅಲ್ಲೇ ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ. ಹೊಗಳಿಕೆಯನ್ನು ಇನ್ನೂ ಸ್ವಲ್ಪ ಹೊತ್ತು ಕೇಳುವ ಆಸೆ.

ಆ ಸ್ವಲ್ಪ ಹೊತ್ತು ಒಂದು ವರ್ಷವಾಯಿತು.

ಬುಧವಾರ ಮಧ್ಯಾಹ್ನ, ಭಾನುವಾರ ಮಧ್ಯಾಹ್ನ, ಕಚೇರಿಯ ಹಿಂದಿನ ಬೀದಿಯಲ್ಲಿ ಉದೊನ್ ಎಂಬ ದಪ್ಪ ಶಾವಿಗೆಯ ಅಂಗಡಿ. ಇಬ್ಬರ ನಡುವೆ ಒಂದು ಫ್ಲಾಪಿ. ನಾನು ಮನೆಯಲ್ಲಿ ನನ್ನ ಸರದಿ ಆಡಿ ತರುತ್ತಿದ್ದೆ, ಅವನು ಒಯ್ದು ತನ್ನದನ್ನು ಆಡುತ್ತಿದ್ದ. ನಾನು ಬೇಕೆಂದೇ ದಡ್ಡಿಯ ಹಾಗೆ ಆಡುತ್ತಿದ್ದೆ. ಅವನು ಚಾಪ್‌ಸ್ಟಿಕ್ ಮೇಜಿನ ಮೇಲಿಟ್ಟು, ನನ್ನದೇ ಉತ್ತರಗಳನ್ನು ನನಗೇ ಪಾಠ ಹೇಳುತ್ತಿದ್ದ.

"ನದಿ ದಾಟಿ ಊರು ಕಟ್ಟಬಾರದು ಚಿಝುರು ಅವರೇ. ಸೇನಾಪತಿ ಏನಂತಾರೆ?"

"ಏನಂತಾರೆ?"

"'ಈಜು ಬಾರದವನು ಆಚೆ ದಡದಲ್ಲಿ ಮದುವೆಯಾಗಬಾರದು.'"

"ಥೂ, ಎಂಥಾ ಕೆಟ್ಟ ಬಾಯಿ!"

"ಬಾಯಿ ಕೆಟ್ಟದ್ದು, ತಲೆ ಬಂಗಾರ," ಅನ್ನುತ್ತಿದ್ದ. ನಾನು ಬಟ್ಟಲಿನ ಹಬೆಗೆ ಮುಖ ಒಡ್ಡಿ ಕೆನ್ನೆ ಬಿಸಿಯಾದದ್ದನ್ನು ಮರೆಸಿಕೊಳ್ಳುತ್ತಿದ್ದೆ. ತಲೆಯೆತ್ತಿದರೆ ಅವನು ನೋಡುತ್ತಲೇ ಇರುತ್ತಿದ್ದ. ಗೋಡೆ ನೋಡುತ್ತಿದ್ದೆ ಎಂಬಂತೆ ತಕ್ಷಣ ಕಣ್ಣು ಸರಿಸುತ್ತಿದ್ದ. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಚಳಿಗಾಲದಲ್ಲಿ ನಮ್ಮಿಬ್ಬರ ರಾಜ್ಯಗಳು ಸಂಧಿ ಮಾಡಿಕೊಂಡವು. ಕಾಣಿಕೆಯಾಗಿ ನಾನು ಅವನಿಗೆ ಒಂದು ಪುಟ್ಟ ಬಂದರು ಕೊಟ್ಟೆ. ಅದಕ್ಕೆ 'ಉದೊನ್' ಎಂದು ಹೆಸರಿಟ್ಟಿದ್ದೆ. ಅದನ್ನು ತೆರೆಯ ಮೇಲೆ ನೋಡಿದ ದಿನ ಅವನು ಊಟದ ಹೊತ್ತಿಗೂ ಕಾಯದೆ ಕಚೇರಿಗೆ ಓಡಿಬಂದಿದ್ದ. ನನ್ನ ಕೋಟಿನ ತೋಳಿಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡು ಹೋದ.

ಒಂದು ವಿಷಯದಲ್ಲಿ ಮಾತ್ರ ನಾನು ಬಾಗಿಲು ತೆಗೆಯಲಿಲ್ಲ.

"ಗುರುವಾರ ಸಿಗಬಹುದಾ?"

"ಗುರುವಾರ ಆಗಲ್ಲ ರೀ. ಚಿಕ್ಕಮ್ಮನಿಗೆ ಹುಷಾರಿಲ್ಲ."

ಗುರುವಾರ ನಾನು ಕಚೇರಿಯಲ್ಲಿ ಕೂತು ಸೇನಾಪತಿಯಾಗುವ ದಿನ. ಒಂದು ಗುರುವಾರ ಅವನು ಬೀದಿಯಿಂದ ನನ್ನನ್ನು ಕಿಟಕಿಯಲ್ಲಿ ಕಂಡನಂತೆ.

"ನಿಮ್ಮ ಚಿಕ್ಕಮ್ಮ ಕಚೇರಿಯಲ್ಲೇ ಇರ್ತಾರಾ?" ಅಂತ ನಗುತ್ತಲೇ ಕೇಳಿದ. ನಾನು ಮಾತು ಮರೆಸಿದೆ. ಮನೆ ಎಲ್ಲಿ ಅಂದರೆ ದೂರ ಅಂದೆ. ಮುಂದೇನು ಅಂದರೆ ನೋಡೋಣ ಅಂದೆ. ಅವನ ನಗು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿದ್ದದ್ದು ನನಗೆ ಕಂಡಿತ್ತು. ಹೇಳಬೇಕು, ಪುಟ ಹೋದರೆ ಹೋಗಲಿ, ಹೇಳಲೇಬೇಕು ಎಂದು ಕೊನೆಗೂ ಗಟ್ಟಿಮನಸ್ಸು ಮಾಡಿ, ಮೇ ತಿಂಗಳ ಎರಡನೆಯ ಭಾನುವಾರ ಎಂದು ದಿನ ಗೊತ್ತು ಮಾಡಿಕೊಂಡೆ.

ಅದಕ್ಕೆ ತಿಂಗಳ ಮುಂಚೆ, ಒಂದು ಗುರುವಾರ, ನಲವತ್ತು ಕಾರ್ಡುಗಳ ನಡುವೆ ಒಂದು ಇತ್ತು. ವರ್ಡ್ ಪ್ರೊಸೆಸರ್‌ನಲ್ಲಿ ಟೈಪ್ ಮಾಡಿದ್ದು. ಊರಿಲ್ಲ, ವಿಳಾಸವಿಲ್ಲ. ಹೆಸರು 'ಗಡಿ ಕಾಯುವವನು.'

'ನನ್ನ ಮಿತ್ರದೇಶ ಒಂದು ವರ್ಷದಿಂದ ತನ್ನ ನಕ್ಷೆ ತೋರಿಸುತ್ತಿಲ್ಲ. ರಾಯಭಾರಿ ಹೋದರೆ ಬಾಗಿಲಿನಿಂದಲೇ ವಾಪಸ್. ನನಗೆ ಆ ದೇಶ ಬಹಳ ಇಷ್ಟ. ಇನ್ನೊಂದು ದೇಶ ಸಂಧಿಗೆ ಕೈ ಚಾಚಿದೆ, ಹೆಚ್ಚು ಸರದಿ ಕಾಯಲಾರದು. ನಾನು ಏನು ಮಾಡಲಿ?'

ಇಂಥ ಕಾರ್ಡು ತಿಂಗಳಿಗೆ ಹತ್ತು ಬರುತ್ತಿದ್ದವು. ಹತ್ತೇ ನಿಮಿಷದಲ್ಲಿ ಬರೆದೆ, ನಗುನಗುತ್ತಾ ಬರೆದೆ.

'ಒಂದು ವರ್ಷ ನಕ್ಷೆ ತೋರಿಸದವಳ ನಕ್ಷೆಯಲ್ಲಿ ನೀನಿಲ್ಲ, ಪೆದ್ದ. ಅವಳಿಗೆ ನೀನು ಪುಕ್ಕಟೆ ಕಾವಲುಗಾರ. ಕೇಳಬೇಡ, ಗೋಗರೆಯಬೇಡ, ಪತ್ರ ಬರೆಯಬೇಡ. ಮೊದಲು ಕುದುರೆಗಳನ್ನು ಕರೆಸು. ಆಮೇಲೆ ರಸ್ತೆ ಕಿತ್ತುಹಾಕು. ಅವಳು ಕೊಟ್ಟ ಊರು ಏನಾದರೂ ಇದ್ದರೆ ಕೊನೆಗೆ ಅದನ್ನೂ ಹಿಂದಿರುಗಿಸು. ಕೈ ಚಾಚಿದವಳ ಕೈ ಹಿಡಿ.'

ಹಮಾಯಾ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದರು. "ಅಯ್ಯೋ, ಪಾಪದವನು! ಇವತ್ತು ರಾತ್ರಿ ಊಟ ಮಾಡಲ್ಲ ಅವನು!" ಕಚೇರಿಗೆ ಕಚೇರಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು.

ಮೇ ತಿಂಗಳ ಸಂಚಿಕೆ ಎಂಟಕ್ಕೆ ಅಂಗಡಿಗೆ ಬಂತು. ಮರುದಿನವೇ ನಾನು ಗೊತ್ತು ಮಾಡಿಕೊಂಡ ಭಾನುವಾರ. ಹೊಸದೊಂದು ಶರ್ಟು ಹಾಕಿಕೊಂಡು ಉದೊನ್ ಅಂಗಡಿಯಲ್ಲಿ ಕೂತೆ. ಅಂಗಡಿಯ ಅಜ್ಜಿ ಎರಡು ಬಟ್ಟಲು ಇಟ್ಟಳು. ಒಂದು ಆರಿತು. ಎರಡೂ ಆರಿದವು.

"ಬರ್ತಾನೆ ಬಿಡಮ್ಮ," ಅಂದಳು ಅಜ್ಜಿ. ಮೂರು ಗಂಟೆಗೆ ಅವಳೇ ಬಟ್ಟಲು ಎತ್ತಿಕೊಂಡು ಹೋದಳು.

ಬುಧವಾರ ಅಂಚೆಯಲ್ಲಿ ಫ್ಲಾಪಿ ಬಂತು. ಜೊತೆಗೆ ಚೀಟಿ ಇಲ್ಲ. ಕಂಪ್ಯೂಟರಿಗೆ ಹಾಕಿ ಅವನ ಸರದಿ ನೋಡಿದೆ. ಗಡಿಯಲ್ಲಿ ಒಂದು ಕುದುರೆಯೂ ಇಲ್ಲ. ನಮ್ಮ ಎರಡು ರಾಜ್ಯಗಳ ನಡುವಿನ ರಸ್ತೆ, ಚೌಕ ಚೌಕವಾಗಿ, ಕೊನೆಯ ಕಲ್ಲಿನವರೆಗೂ ಕಿತ್ತುಹೋಗಿತ್ತು. ತೆರೆಯ ಮೂಲೆಯಲ್ಲಿ ಒಂದು ಸಾಲು ಮಿನುಗುತ್ತಿತ್ತು: 'ಮಿತ್ರದೇಶವು ಉದೊನ್ ಬಂದರನ್ನು ನಿಮಗೆ ಹಿಂದಿರುಗಿಸಿದೆ.'

ಕುದುರೆ, ರಸ್ತೆ, ಊರು. ನಾನು ಬರೆದ ವರಸೆಯಲ್ಲೇ, ಒಂದೂ ತಪ್ಪದಂತೆ ಮಾಡಿದ್ದ. ಕೈಬರಹ ಬಿಟ್ಟು ಯಾಕೆ ಟೈಪ್ ಮಾಡಿದ್ದನೆಂದು ಆಗ ಹೊಳೆಯಿತು. ಕಾರ್ಡು ವಿಂಗಡಿಸುವವಳು ನಾನಲ್ಲವೇ? ನನ್ನ ಕಣ್ಣಿಗೆ ಬೀಳಬಾರದೆಂದು ನನ್ನ ಬಗ್ಗೆ ನನ್ನನ್ನೇ ಕೇಳಿದ್ದ.

ಅವನ ಕಚೇರಿಗೆ ಫೋನ್ ಮಾಡಿದೆ. "ಕುವಾಬಾರಾನಾ? ಕೆಲಸ ಬಿಟ್ಟು ಊರಿಗೆ ಹೋದ್ರು. ಮೊರಿಯೋಕಾ. ಮನೇಲಿ ಹುಡುಗಿ ನೋಡಿದಾರಂತೆ," ಅಂದರು ಯಾರೋ. ವಿಳಾಸವನ್ನೂ ಕೊಟ್ಟರು. ಪತ್ರ ಬರೆಯಲು ಕೂತೆ. ಬೇರೆಯವರಿಗೆ ಬೈಯುವಾಗ ಓಡುತ್ತಿದ್ದ ಪೆನ್ನು 'ಆ ಉತ್ತರ ಬರೆದವಳು ನಾನೇ' ಎಂಬಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಬೇಸಿಗೆಯಿಡೀ ಬರೆದೆ, ಹರಿದೆ.

ಅಕ್ಟೋಬರಿನಲ್ಲಿ ದಪ್ಪ ಲಕೋಟೆಯೊಂದು ಬಂತು. ಮೇಲೆ ನೀಲಿ ಶಾಯಿ: 'ಮುದಿ ಸೇನಾಪತಿಯವರಿಗೆ.' ಒಳಗೆ ಮದುವೆಯ ಕರೆಯೋಲೆ, ಜವಾಬಿನ ಕಾರ್ಡು, ಒಂದು ಪತ್ರ.

'ನಿಮಗೆ ಹದಿನಾಲ್ಕು ಪ್ರಶ್ನೆ ನನ್ನ ಹೆಸರಿನಲ್ಲಿ ಕೇಳಿದ್ದೆ. ಹದಿನೈದನೆಯದನ್ನು ಕದ್ದು ಕೇಳಿದೆ. ಗಡಿ ಕಾಯುವವನು ನಾನೇ. ನಿಮ್ಮ ಮಾತು ಎಂದೂ ಸುಳ್ಳಾಗಿಲ್ಲ, ಹಾಗಾಗಿ ಅದನ್ನೂ ಪಾಲಿಸಿದೆ. ಆ ದೇಶ ನಿಮ್ಮ ಕಚೇರಿಯಲ್ಲೇ ಚಹಾ ಕೊಡುತ್ತದೆ. ಅವರು ಒಮ್ಮೆಯಾದರೂ ನನ್ನ ಬಗ್ಗೆ ವಿಚಾರಿಸಿದ್ದರೆ ಕಾರ್ಡಿನಲ್ಲಿ ಒಂದು ಮಾತು ಬರೆಯಿರಿ. ಮದುವೆಗೆ ಇನ್ನೂ ಐದು ವಾರ ಇದೆ. ನಿಮ್ಮ ಒಂದು ಮಾತು ಸಾಕು.'

ಒಂದು ಮಾತು ಸಾಕಿತ್ತು. 'ವಿಚಾರಿಸಿದಳು' ಎಂದಷ್ಟೇ.

ನಾನು ತ್ಯಾಗಮಯಿ ಅಂತ ಯಾರೂ ತಿಳಿಯಬೇಡಿ. ಆ ಕಾಣದ ಹುಡುಗಿಯ ಮೇಲೆ ನನಗೆ ಕನಿಕರವೇನೂ ಬರಲಿಲ್ಲ. ಅವನು ಓಡಿ ಬರುತ್ತಾನೆ, ಒಂದಲ್ಲ ಒಂದು ದಿನ ಸೇನಾಪತಿ ಯಾರೆಂದು ತಿಳಿಯುತ್ತದೆ, ಆಗ ಆ ಪುಟ ಹಿಡಿದುಕೊಂಡು ಕೇಳುತ್ತಾನೆ: "ಪೆದ್ದ ಅಂತ ಬರೆಯೋವಾಗ ನಕ್ಕಿದ್ರಾ?" ಅದನ್ನು ಕೇಳುವ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅಷ್ಟೇ. ಊರಿಗೆಲ್ಲ ಧೈರ್ಯ ಹೇಳುತ್ತಿದ್ದ ಸೇನಾಪತಿ ಹೇಡಿ.

ಜವಾಬಿನ ಕಾರ್ಡಿನಲ್ಲಿ ಅಚ್ಚಾಗಿದ್ದ 'ಬರಲಾಗುವುದಿಲ್ಲ' ಎಂಬುದಕ್ಕೆ ಸುತ್ತು ಹಾಕಿದೆ. ಕೆಳಗೆ ಬರೆದೆ: 'ಅವಳು ಕೇಳಲಿಲ್ಲ. ಹಿಂದೆ ನೋಡಬೇಡ.'

ಆಮೇಲೆ ಕಾರ್ಡು ತಿರುಗಿಸಿದೆ. ಅವನ ಹೆಸರು, ಅದರ ಕೆಳಗೆ ಅವನೇ ತನ್ನನ್ನು ತಗ್ಗಿಸಿಕೊಂಡ ಆ ಅಕ್ಷರ. ಸ್ಕೇಲು ಇಟ್ಟು ಎರಡು ಗೆರೆ ಎಳೆದೆ. ಪಕ್ಕದಲ್ಲಿ, ಸೇನಾಪತಿಗೆಂದು ಬೇಕೆಂದೇ ಸೊಟ್ಟಗೆ ಬರೆಯುತ್ತಿದ್ದ ಅಕ್ಷರ ಬಿಟ್ಟು, ನನ್ನ ಸ್ವಂತ ಕೈಬರಹದಲ್ಲಿ ಗೌರವದ ಅಕ್ಷರ ಬರೆದೆ. ಸೇನಾಪತಿ ಯಾರಿಗೂ ಎಳೆಯದ ಗೆರೆ ಅದು. ಗುರುತು ಹಿಡಿಯಲಿ ಎಂದು ಎಳೆದೆನೋ, ಹಿಡಿಯದಿರಲಿ ಎಂದು ಎಳೆದೆನೋ, ದೇವರಾಣೆ ನನಗೆ ಗೊತ್ತಿಲ್ಲ. ಅಂಚೆ ಡಬ್ಬಿಗೆ ಹಾಕಿದೆ. ಐದು ವಾರ, ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಬಾಗಿಲ ಕಡೆ ನೋಡಿದೆ.

ಹೊಸ ವರ್ಷದ ಶುಭಾಶಯದ ಕಾರ್ಡು ನೀಲಿ ಶಾಯಿಯಲ್ಲಿ ಬಂತು, ಇಬ್ಬರ ಹೆಸರಿನಲ್ಲಿ.

'ಸೇನಾಪತಿಯವರೇ, ಮೊದಲ ಸಲ ನನ್ನ ಹೆಸರಿಗೆ ಗೆರೆ ಎಳೆದಿರಿ! ಹೆಂಡತಿಗೆ ತೋರಿಸಿದೆ, ಇಬ್ಬರೂ ತುಂಬಾ ನಕ್ಕೆವು. ಮುದುಕರಿಗೆ ಕೊನೆಗೂ ವಯಸ್ಸಾಯಿತು ಅಂದಳು. ಆರೋಗ್ಯ ನೋಡಿಕೊಳ್ಳಿ.'

ಅವತ್ತು ಗುರುವಾರ. ಮೇಜಿನ ಮೇಲೆ ನಲವತ್ತು ಪ್ರಶ್ನೆಗಳಿದ್ದವು. ಒಬ್ಬನನ್ನೂ ಬಿಡದೆ ಬೈದು ಬರೆದೆ. ಹಮಾಯಾ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.