ಸಾಲಿನ ತುದಿ ಕತ್ತರಿಸಿದವನು

"ನನ್ನ ಮಾತು ಕತ್ತರಿಸೋಕೆ ನೀವು ಯಾರ್ರೀ?!"

ದಪ್ಪ ಪುಸ್ತಕವೊಂದನ್ನು ಅವಳು ಬೈಂಡಿಂಗ್ ಅಂಗಡಿಯ ಮೇಜಿನ ಮೇಲೆ ದಬ್ಬನೆ ಕುಕ್ಕಿದಳು. ಪಕ್ಕದಲ್ಲಿದ್ದ ಅಂಟಿನ ಡಬ್ಬ ಅಲುಗಾಡಿತು.

ಬೈಂಡರ್ ತಲೆಯೆತ್ತಿದ. ಮೂವತ್ತರ ಆಸುಪಾಸಿನ ಮುಖ, ಮೊಣಕೈಯವರೆಗೂ ಒಣಗಿದ ಅಂಟು.

"ಏನಾಯ್ತು ಮೇಡಂ? ಹೊಲಿಗೆ ಬಿಟ್ಕೊಂತಾ?"

"ಹೊಲಿಗೆ ಚೆನ್ನಾಗೇ ಇದೆ. ಪುಟ ತೆಗೆದು ನೋಡಿ!"

ತೆಗೆದು ನೋಡಿದ. ಹಾಳೆಯ ಒಂದೇ ಬದಿಗೆ, ಹಸಿರು ಇಂಕಿನ ಒತ್ತೊತ್ತಾದ ಅಕ್ಷರಗಳು. ಒಂದು ಸಾಲು 'ಈ ನಾಯಕನ ಮೇಲೆ ನನಗೆ ಎಳ್ಳಷ್ಟೂ ನಂ' ಎಂಬಲ್ಲಿಗೆ ನಿಂತಿತ್ತು. ಅದರ ಕೆಳಗಿನದು 'ಅವಳು ಅತ್ತಿದ್ದು ದುಃಖಕ್ಕಲ್ಲ, ಸಿ' ಎಂಬಲ್ಲಿಗೆ. ಯಾವ ಪುಟ ತಿರುಗಿಸಿದರೂ ಅದೇ ಕಥೆ... ಅವನ ಮುಖ ಬಿಳಿಚಿಕೊಂಡಿತು.

ಹೊಲಿಗೆ ಹಾಕಿದ ಮೇಲೆ ಪುಸ್ತಕವನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರೂ ಅಂಚು ಸಮ ಮಾಡುವುದು ಅವನ ಕೈಗೆ ಅಂಟಿದ ಅಭ್ಯಾಸ. ಅಚ್ಚಾದ ಪುಸ್ತಕದಲ್ಲಿ ಅಂಚಿಗೆ ಜಾಗ ಬಿಟ್ಟಿರುತ್ತಾರೆ. ಕಚೇರಿಯ ರಿಜಿಸ್ಟರಿನಲ್ಲೂ ಬಿಟ್ಟಿರುತ್ತಾರೆ. ಕಾಗದ ಮುಗಿಯುವವರೆಗೂ ಬರೆಯುವ ಹುಡುಗಿಯೊಬ್ಬಳು ಇದ್ದಾಳೆಂದು ಪಾಪ, ಅವನಿಗೇನು ಗೊತ್ತು?

"ಸಾಮಾನ್ಯ ನೋಟ್ ಬುಕ್ ಅಂದ್ಕೊಂಡೆ ಮೇಡಂ..."

"ಸಾಮಾನ್ಯನಾ? ಒಂಬತ್ತು ವರ್ಷದ್ದು! ಓದಿದ ಒಂದೊಂದು ಪುಸ್ತಕಕ್ಕೂ ನನಗೆ ಏನನ್ನಿಸ್ತು ಅಂತ ಬರೆದಿಟ್ಟಿದ್ದೀನಿ. ನಾಲ್ಕು ನೋಟ್ ಬುಕ್ ಸೇರಿಸಿ ಒಂದು ಮಾಡಿಕೊಡಿ ಅಂದ್ರೆ, ಅರ್ಧ ಮಾಡಿ ಕೊಟ್ಟಿದ್ದೀರಲ್ಲ!"

ಅವಳ ಕಣ್ಣು ತುಂಬಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ." ದಿನಕ್ಕೆ ಎಂಬತ್ತು ಸಲ ಇಷ್ಟೇ ಅವಳ ಮಾತು. ಮನೆಗೆ ಹೋದರೆ ಅಣ್ಣ ಮಾತಾಡುತ್ತಾನೆ, ಅಮ್ಮ ಮತ್ತು ಅವಳು ಕೇಳುತ್ತಾರೆ. ಹೀಗಿರುವಾಗ ಹೊಟ್ಟೆಯೊಳಗಿನದನ್ನು ಎಲ್ಲಿ ಹಾಕುವುದು? ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವ ನಡುವೆ ಓದುತ್ತಿದ್ದಳು, ಬರೆಯುತ್ತಿದ್ದಳು. ಪುಸ್ತಕ ಯಾರದ್ದೋ ಇರಬಹುದು, ಅಭಿಪ್ರಾಯ ಮಾತ್ರ ಅವಳದ್ದೇ!

ಬೈಂಡರ್ ಒಳಗೆ ಹೋದ. ಮೂಟೆಯೊಂದನ್ನು ಎಳೆದು ತಂದು ನೆಲಕ್ಕೆ ಸುರಿದ. ಕತ್ತರಿಸಿದ ಕಾಗದದ ಪಟ್ಟಿಗಳು, ರಾಶಿ ರಾಶಿ!

"ಹಸಿರು ಇಂಕಿಂದು ನಿಮ್ಮದೊಂದೇ. ಆರಿಸ್ತೀನಿ. ಒಂದೊಂದನ್ನೂ ಅದರ ಜಾಗದಲ್ಲೇ ತೆಳು ಕಾಗದ ಇಟ್ಟು ಅಂಟಿಸ್ತೀನಿ. ಆದ್ರೆ..."

"ಆದ್ರೆ?"

"ಓದದೇ ಜೋಡಿಸೋಕೆ ಆಗಲ್ಲ."

"ಯಾರೂ ಓದಬಾರದು!"

"ಹಾಗಿದ್ರೆ ನೀವೇ ಬನ್ನಿ. ಪಟ್ಟಿಯಲ್ಲಿ ಇರೋದನ್ನ ನಾನು ಹೇಳ್ತೀನಿ, ಅದು ಯಾವ ಸಾಲಿಂದು ಅಂತ ನೀವು ಹುಡುಕಿ. ಪುಸ್ತಕ ನಿಮ್ಮ ಕೈಯಲ್ಲೇ ಇರಲಿ."

ಅವಳು ಅವನನ್ನೇ ದಿಟ್ಟಿಸಿದಳು. 'ತಪ್ಪು ಮಾಡಿ ನೆಪ ಹೇಳದ ಗಂಡಸು... ಇಂಥವರೂ ಇದ್ದಾರಾ?'

ಮರುದಿನದಿಂದ ಡ್ಯೂಟಿ ಮುಗಿಸಿ ಅವಳು ನೇರ ಅಂಗಡಿಗೇ ಬರತೊಡಗಿದಳು. ಮೇಜಿನ ಆ ಕಡೆ ಅವನು, ಈ ಕಡೆ ಅವಳು.

"'ಬಿಕೆ ಇಲ್ಲ'," ಎಂದು ಅವನು ಪಟ್ಟಿ ಓದುತ್ತಿದ್ದ.

"ನಂಬಿಕೆ ಇಲ್ಲ. ನಲವತ್ತನೇ ಪುಟ."

"'ಟ್ಟಿಗೆ'."

"ಸಿಟ್ಟಿಗೆ. ಅದರ ಕೆಳಗಿಂದೇ."

"ಪಾಪ, ಆ ನಾಯಕ ಏನು ಮಾಡಿದ ಮೇಡಂ?"

"ಹೆಂಡತೀನ ಬಿಟ್ಟು ಹನ್ನೆರಡು ವರ್ಷ ಊರೂರು ಸುತ್ತಿದ. ಅವಳು ಬಾಗಿಲಲ್ಲೇ ಕೂತು ಕಾದಳಂತೆ. ಬಾಗಿಲು ದಾಟಿ ಹನ್ನೆರಡು ಹೆಜ್ಜೆ ನಡೆದಿದ್ರೆ ಅವಳ ಕಷ್ಟವೂ ಮುಗೀತಿತ್ತು, ನನ್ನ ಕಷ್ಟವೂ ಮುಗೀತಿತ್ತು!"

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ತಲೆ ಅಲ್ಲಾಡಿಸಿದ. "ನಾನು ಒಪ್ಪಲ್ಲ. ಕಾಯೋದಕ್ಕೂ ಗಟ್ಟಿ ಎದೆ ಬೇಕು."

"ಕಾಯಿಸಿದವರು ಹೇಳೋ ಮಾತು ಅದು!"

"ಅಲ್ಲ... ಕಾದವನ ಮಾತು," ಎಂದ ಅವನು, ಪಟ್ಟಿಯಿಂದ ಕಣ್ಣೆತ್ತದೆ.

ಯಾರಿಗಾಗಿ ಎಂದು ಅವಳು ಕೇಳಲಿಲ್ಲ. ಆದರೆ ಆ ದಿನ ಮನೆಗೆ ನಡೆಯುವಾಗ ಎದೆಯೊಳಗೆ ಏನೋ ಕಚಗುಳಿ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಅವಳ ಅಭಿಪ್ರಾಯದ ಜೊತೆ ಜಗಳ ಆಡಿದ್ದರು! ಅವಳ ಜೊತೆ ಅಲ್ಲ, ಅಭಿಪ್ರಾಯದ ಜೊತೆ. ಎರಡಕ್ಕೂ ಎಷ್ಟು ವ್ಯತ್ಯಾಸ ಎಂದು ಅಣ್ಣನ ಜೊತೆ ಬೆಳೆದವರಿಗೇ ಗೊತ್ತು.

ಎರಡು ವಾರ ಹೀಗೇ ಕಳೆಯಿತು. ಅವನ ಮೇಲೆ ನಂಬಿಕೆ ಬಂತು. ಒಂದು ಸಂಜೆ ಅಂಟು ಇನ್ನೂ ಹಸಿಯಾಗಿತ್ತೆಂದು ಪುಸ್ತಕವನ್ನು ಅಂಗಡಿಯಲ್ಲೇ ಬಿಟ್ಟು ಬಂದಳು.

ಮರುದಿನ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಣ್ಣ ಶುರು ಮಾಡಿದ.

"'ಅಣ್ಣ ಕೂಗಾಡಿದಾಗಲೆಲ್ಲ ಅಮ್ಮ ಇಲ್ಲದ ಕೆಲಸ ಹುಡುಕಿಕೊಂಡು ಅಡುಗೆಮನೆಗೆ ಹೋಗುತ್ತಾಳೆ. ಈ ಕಾದಂಬರಿಯ ತಾಯಿಯೂ ಹಾಗೇ.' ಯಾರು ಬರೆದಿದ್ದು ಇದನ್ನ?"

ಅದು ನೂರಾ ಆರನೇ ಪುಟ! ಇವನಿಗೆ ಹೇಗೆ ಸಿಕ್ಕಿತು? ಪುಸ್ತಕ ಇದ್ದದ್ದು ಒಬ್ಬನ ಹತ್ತಿರ ಮಾತ್ರ...

ಚಪ್ಪಲಿ ಮತ್ತೆ ಮೆಟ್ಟಿಕೊಂಡು ಅಂಗಡಿಗೆ ಓಡಿದಳು.

"ನನ್ನ ಅಣ್ಣನಿಗೆ ಓದೋಕೆ ಕೊಟ್ರಾ?"

ಬೈಂಡರ್ ಎದ್ದು ನಿಂತ. "ತಪ್ಪು ನಂದೇ. ಪುಸ್ತಕ ಮೇಜಿನ ಮೇಲೇ ಬಿಟ್ಟು ಅಂಟು ಕಾಯಿಸೋಕೆ ಒಳಗೆ ಹೋಗಿದ್ದೆ. ತಂಗಿ ದಿನಾ ಇಲ್ಲಿಗೆ ಯಾಕೆ ಬರ್ತಾಳೆ ಅಂತ ಕೇಳೋಕೆ ನಿಮ್ಮ ಅಣ್ಣ ಬಂದಿದ್ರು."

"ನೀವು ಒಳಗೆ ಹೋಗೋದಕ್ಕೂ ಅವನು ಬರೋದಕ್ಕೂ ಸರಿಹೋಯ್ತು, ಅಲ್ವಾ? ನಾನೇನು ಚಿಕ್ಕ ಮಗುನಾ?"

ಅವನು ಮೇಜಿನ ಮೇಲಿದ್ದ ಪಟ್ಟಿಗಳನ್ನು ಒಟ್ಟುಮಾಡತೊಡಗಿದ.

'ಹೇಳೋ... ಏನಾದ್ರೂ ಹೇಳು!' ಅವಳ ಮನಸ್ಸು ಚೀರುತ್ತಿತ್ತು. ಅವನು ಮಾತಾಡಲಿಲ್ಲ. ಅವಳು ಪುಸ್ತಕವನ್ನೂ ಉಳಿದ ಪಟ್ಟಿಗಳನ್ನೂ ಚೀಲಕ್ಕೆ ತುರುಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಅತ್ತಳು. ಅಣ್ಣ ಓದಿದ್ದಕ್ಕಿಂತ ಹೆಚ್ಚಾಗಿ ಇವನು ಮೋಸ ಮಾಡಿದನಲ್ಲ ಎಂಬುದೇ ಸುಡುತ್ತಿತ್ತು.

ಮನೆಯಲ್ಲಿ ಅಣ್ಣ ಇನ್ನೂ ಅಲ್ಲೇ ನಿಂತಿದ್ದ. ಕೈ ಚಾಚಿದ.

"ಕೊಡು ಇಲ್ಲಿ. ಹರಿದು ಬಿಸಾಡ್ತೀನಿ. ಮನೆ ಮಾನ ಬೀದಿಗೆ ಹಾಕೋಕೆ ಓದು ಬರಹ ಕಲಿಸಿದ್ದಾ?"

"ಕೊಡಲ್ಲ."

"ಏನಂದೆ?"

"ಕೊಡಲ್ಲ ಅಂದೆ! ನಾನು ಬೀದೀಲಿ ಓದಿ ಹೇಳಿದ್ನಾ? ನೀನೇ ಕದ್ದು ಓದಿ, ಈಗ ನೀನೇ ಕೂಗಿ ಹೇಳ್ತಿದ್ದೀಯ."

"ಈ ಮನೇಲಿ ಇರಬೇಕಂದ್ರೆ ಆ ಪುಸ್ತಕ ಇರಬಾರದು!"

"ಹಾಗಿದ್ರೆ ನಾವಿಬ್ರೂ ಒಟ್ಟಿಗೇ ಹೋಗ್ತೀವಿ. ನಾನೂ, ಅದೂ."

ಅಣ್ಣನ ಮುಖ ಕೆಂಪೇರಿತು. "ಆ ಬೈಂಡರ್ ಜೊತೆ ಸೇರಿ ಕಲಿತದ್ದು ಇದು! ಅವನೂ ಇದೇ ಥರ ನನ್ನ ಕೈಯಿಂದ ಕಿತ್ಕೊಂಡ. 'ಅವರನ್ನ ಕೇಳದೇ ಒಂದು ಹಾಳೆನೂ ಮುಟ್ಟಬೇಡಿ' ಅಂತ ನನ್ನನ್ನೇ ಬಾಗಿಲವರೆಗೂ ದಬ್ಬಿದ! ಎರಡು ಪುಟ ಓದೋಷ್ಟರಲ್ಲಿ..."

ಅವಳು ಉಸಿರು ಹಿಡಿದು ನಿಂತಳು. ಅಯ್ಯೋ... ಎಂಥ ಮಾತಾಡಿಬಿಟ್ಟೆ ನಾನು!

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಆಗಲೇ ಒರೆಸಿದ್ದ ತಟ್ಟೆ.

"ಅವಳು ಬರೆದಿದ್ದು ಸುಳ್ಳೇನೋ?" ಅಮ್ಮ ಮೆಲ್ಲಗೆ ಕೇಳಿದಳು.

"ಅಮ್ಮಾ, ನೀನು ಸುಮ್ನಿರು..."

"ಇಷ್ಟು ವರ್ಷ ಸುಮ್ನೇ ಇದ್ದೆನಲ್ಲಪ್ಪ. ಪುಸ್ತಕವೂ ಇರುತ್ತೆ, ಅವಳೂ ಇರ್ತಾಳೆ. ಇದು ನನ್ನ ಮನೆ ಕೂಡ." ಮಗಳ ಕಡೆ ತಿರುಗಿದಳು. "ನೀನು ಅವನನ್ನ ಬೈದು ಬಂದೆಯಾ? ಮುಖ ನೋಡಿದ್ರೇ ಗೊತ್ತಾಗುತ್ತೆ. ಹೋಗು, ಹೋಗಿ ಸರಿಮಾಡ್ಕೊಂಡು ಬಾ."

ಅವಳು ಅಮ್ಮನನ್ನು ಬಿಗಿಯಾಗಿ ಅಪ್ಪಿಕೊಂಡು, ಚೀಲದ ಸಮೇತ ಮತ್ತೆ ಓಡಿದಳು.

ಬೈಂಡರ್ ಅಂಗಡಿಯ ಒಂದು ಬಾಗಿಲು ಹಾಕಿ ಇನ್ನೊಂದಕ್ಕೆ ಕೈ ಹಾಕಿದ್ದ.

"ಅಣ್ಣನನ್ನ ದಬ್ಬಿದ್ದು ಯಾಕೆ ಹೇಳಲಿಲ್ಲ?" ಅವಳು ಏದುಸಿರಿನಲ್ಲೇ ಕೇಳಿದಳು.

"ನಿಮ್ಮ ಅಣ್ಣ ಅಲ್ವಾ? ಚಾಡಿ ಹೇಳಿ ಒಳ್ಳೆಯವನಾಗೋದು ಬೇಡ ಅನ್ನಿಸ್ತು."

"ನಾನು ಬೈದಾಗಲೂ?"

"ಬೈಸಿಕೊಳ್ಳೋ ತಪ್ಪು ಮಾಡಿದ್ದೆ. ಪುಸ್ತಕ ಕಾಯಬೇಕಾಗಿತ್ತು, ಕಾಯಲಿಲ್ಲ."

"ನನ್ನದೂ ತಪ್ಪು. ಕೇಳದೇ ತೀರ್ಮಾನ ಮಾಡಿಬಿಟ್ಟೆ. ಕ್ಷಮಿಸಿ." ಅವಳು ತಲೆ ತಗ್ಗಿಸಲಿಲ್ಲ. ಇವತ್ತು ತಲೆ ತಗ್ಗಿಸುವ ದಿನವೇ ಅಲ್ಲ! "ಇನ್ನೊಂದು ಮಾತು. ನೀವು ಅಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ಇದನ್ನ ಪುಸ್ತಕದಲ್ಲಿ ಬರೆದು ಮುಚ್ಚಿಡೋದು ಬೇಡ ಅಂತ ಬಾಯಲ್ಲೇ ಹೇಳ್ತಿದ್ದೀನಿ."

ಅವನ ಕೈ ಬಾಗಿಲ ಮೇಲೆಯೇ ಉಳಿಯಿತು.

"ನನಗೂ..." ಎಂದ. ಅಂಟು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ. "ನೀವು ಸಿಟ್ಟಲ್ಲಿ ಬಂದ ಆ ಮೊದಲನೇ ದಿನದಿಂದಲೂ."

"ಹಾಗಿದ್ರೆ ಈಗಲೇ ಕೇಳಿಸ್ಕೊಳ್ಳಿ. ಮದುವೆ ಆದ್ರೂ ಬರೆಯೋದು ಬಿಡಲ್ಲ. ನಿಮ್ಮ ಬಗ್ಗೆನೂ ಬರೀತೀನಿ. ಒಳ್ಳೇದನ್ನೇ ಬರೀತೀನಿ ಅಂತ ಭಾಷೆ ಕೊಡಲ್ಲ!"

"ಬರೀರಿ." ಅವನು ನಕ್ಕ. ಹೆದರುತ್ತಲೇ ಕೇಳಿದ. "ನನಗೆ ಯಾವತ್ತಾದ್ರೂ... ಓದೋಕೆ ಕೊಡ್ತೀರಾ?"

ಅವಳು ಚೀಲದಿಂದ ಪುಸ್ತಕ ತೆಗೆದು ಅವನ ಎರಡೂ ಕೈಗಳ ಮೇಲೆ ಇಟ್ಟಳು.

"ಮೊದಲನೇ ಪುಟದಿಂದ ಶುರು ಮಾಡು."

"ಮಾಡು?"

"ಹ್ಞೂಂ. ಮಾಡು. ಜೋರಾಗಿ ಓದು, ನಾನೂ ಕೇಳ್ತೀನಿ."

ಅವನು ಹಾಕಿದ್ದ ಬಾಗಿಲನ್ನು ಮತ್ತೆ ತೆರೆದು ಅವಳಿಗೆ ಕುರ್ಚಿ ಎಳೆದು ಕೊಟ್ಟ.