ಮನೆ ಸೇರದ ಜಾವಾ

"ಗಾಡಿ ಬೇಕಾದ್ರೆ ಒರೆಸಿ ಇಟ್ಕೋ ನಾಯ್ನಾ. ಹೆಡ್‌ಲೈಟಿನ ಒಳಗಿರೋ ತಗಡು ಮಾತ್ರ ಮುಟ್ಬೇಡ."

ಮನೆ ಓನರ್ ಅಮ್ಮಾಜಮ್ಮ ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದ ಹೊಸ ಬಾಡಿಗೆದಾರ ಮುರಳಿಮೋಹನ್‌ಗೆ ಹಿತ್ತಲಿನ ಶೆಡ್ಡಿನಲ್ಲಿದ್ದ ಆ ಹಳೆಯ ಜಾವಾ ಬೈಕಿನ ಮೇಲೆ ಕಣ್ಣು ಬಿದ್ದಿತ್ತು. ಹುಟ್ಟಿದಾಗಿನಿಂದ ಸ್ಪ್ಯಾನರ್ ಹಿಡಿದವನಲ್ಲ. ಆದರೂ ಆಸೆ.

"ಮುಟ್ಟಿದ್ರೆ ಏನಾಗತ್ತಮ್ಮಾ?"

"ನಮ್ಮೆಜಮಾನ್ರು ಮನೆ ಸೇರ್ಬಾರ್ದು ಅಂತ ದಾಯಾದಿಗಳು ಮಾಟ ಮಾಡ್ಸಿದ್ರು. ಈ ಗಾಡೀಲಿ ಸಂತೆಗೋದೋರು ಬರ್ಲೇ ಇಲ್ಲ. ಬೀದೀಲಿ ಗಾಡಿ ಸದ್ದು ಕೇಳ್ತಿತ್ತು, ಮನುಷ್ಯ ಕಾಣ್ತಿರ್ಲಿಲ್ಲ. ಎಷ್ಟೋ ವರ್ಷಕ್ಕೆ ಗಾಡಿ ಒಂದೇ ಬಂದು ನಿಂತ್ಕಂತು. ಬಲ್ಲೋರು ತಗಡು ಬರೆದು ಅದನ್ನ ಕಟ್ಟಾಕಿದ್ರು."

ಮುರಳಿ ಗಂಭೀರವಾಗಿ ತಲೆಯಾಡಿಸಿದ. ಒಳಗೆ ಹೋಗಿ ಬಾಗಿಲು ಹಾಕಿದ್ದೇ ತಡ, ಟವೆಲ್ಲನ್ನು ಸೆರಗು ಮಾಡಿಕೊಂಡು, ಅಮ್ಮಾಜಮ್ಮನದೇ ನಡುಗು ದನಿಯಲ್ಲಿ, "ಮುಟ್ಬೇಡ ನಾಯ್ನಾ..." ಎಂದ. ತುಂಬು ಬಸುರಿ ಹೆಂಡತಿ ತನುಜ ನಕ್ಕು ಸುಸ್ತಾದಳು. ಮರುಕ್ಷಣವೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಬೇಡ ಕಣ್ರೀ. ಇಂಥ ಹೊತ್ತಲ್ಲಿ..."

"ಮಾಟ ಅಲ್ಲ ಕಣೇ, ಬರೀ ಮೋಟಾರು."

ತಂದೆಯ ಮುಖ ಕಾಣದೆ ಬೆಳೆದವನು ಮುರಳಿ. ತನ್ನ ಮಗು ಕಣ್ಣು ಬಿಟ್ಟಾಗ ತಾನು ಎದುರಿಗಿರಬೇಕು. ಅವನ ಬದುಕಿನಲ್ಲಿ ತಮಾಷೆಯಲ್ಲದ ಸಂಗತಿ ಇದೊಂದೇ.

ಸಂಜೆಗಳೆಲ್ಲ ಶೆಡ್ಡಿನಲ್ಲಿ ಕಳೆದವು. ಸೀಮೆಎಣ್ಣೆಯಲ್ಲಿ ಕಾರ್ಬೊರೇಟರ್ ತೊಳೆದ. ಎಮರಿ ಕಾಗದದಿಂದ ತುಕ್ಕು ಉಜ್ಜಿದ. ಹ್ಯಾಂಡಲ್ ತಗ್ಗಿಸಿ, ಮಡ್‌ಗಾರ್ಡ್ ಕತ್ತರಿಸಿ, ಟ್ಯಾಂಕಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದ. ಎಲ್ಲ ಆದಮೇಲೆ ಕಿಕ್ ಹೊಡೆದರೆ ಇಂಜಿನ್ನಿನ ತಲೆಯಿಂದ ಬುಸ್ಸೆಂದು ಗಾಳಿ. ಗಾಳಿ ಸೋರದಂತೆ ಅಲ್ಲಿ ಬಿಗಿಯುವ ತೆಳು ಬಿಲ್ಲೆ, ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಚಿಂತಾಮಣಿ, ಚಿಕ್ಕಬಳ್ಳಾಪುರ ಎಲ್ಲಿ ಹುಡುಕಿದರೂ ಆ ಅಳತೆಯದು ಸಿಗಲಿಲ್ಲ. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮೆತ್ತಗಾಗುತ್ತದೆ, ಕತ್ತರಿಸಿ ಕೂರಿಸಿ ಎಂದಿತು ಮೊಬೈಲಿನ ವಿಡಿಯೋ.

ತಾಮ್ರ ಹೆಡ್‌ಲೈಟಿನೊಳಗೇ ಇತ್ತು.

ಕಿಲುಬು ಹಿಡಿದು ಹಸಿರಾದ ತಗಡು. ಸುತ್ತ ಉದ್ದನೆಯ ಕೂದಲು. ಅಕ್ಷರಗಳನ್ನು ನೋಡಿ, "ನಮ್ಮ ಡಾಕ್ಟರ ಚೀಟಿಗಿಂತ ವಾಸಿ" ಅಂದುಕೊಂಡು ಅಡುಗೆಮನೆಯ ಒಲೆಯ ಮೇಲಿಟ್ಟ. ಬರಹ ಕೆಂಪಗಾಯಿತು, ಕರಗಿತು. ನೀರಿಗದ್ದಿದಾಗ ಚೊಂಯ್ ಎಂದಿತು. ಸುಟ್ಟ ಮಾಂಸದಂಥ ನಾತ ಮನೆಯೆಲ್ಲ ತುಂಬಿತು.

ಮರುದಿನ ಅದನ್ನು ಕತ್ತರಿಸಿ ಕೂರಿಸಿದ ಮೇಲೆ, ಹೊತ್ತು ಮುಳುಗುವಾಗ ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಡುಬ್ ಡುಬ್ ಡುಬ್. ತನುಜ ಗೇಟಿನ ಬಳಿ ಆರತಿ ತಟ್ಟೆ, ನಿಂಬೆಹಣ್ಣು ಹಿಡಿದು ನಿಂತಿದ್ದಳು.

"ಪೂಜೆ ಮಾಡ್ಕೊಂಡು ಹೋಗ್ರೀ."

"ಒಂದು ರೌಂಡ್ ಹೊಡ್ದು ಬಂದ್ಬಿಡ್ತೀನಿ ಕಣೇ."

ಹಿಪ್ಪುನೇರಳೆ ತೋಟಗಳ ದಾರಿ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರುಗಳ ಕಮಟು ವಾಸನೆ. ಊರ ಅಂಚು ಮುಟ್ಟಿ ತಿರುಗಿಸಿದ. ಬೀದಿ ಬಂತು, ಗೇಟು ಬಂತು. ಬ್ರೇಕ್ ತುಳಿದ. ಹಿಡಿಯಲಿಲ್ಲ. ಕೀಲಿ ಕಿತ್ತ. ಇಂಜಿನ್ ನಿಲ್ಲಲಿಲ್ಲ. ಕಾದಿರಬೇಕು, ಅದಕ್ಕೇ ಆಫ್ ಆಗುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ತನುಜಳ ಮುಂದೆಯೇ ಹಾದುಹೋದ. ಅವಳು ಅವನಾಚೆಗೆ ರಸ್ತೆ ನೋಡುತ್ತಿದ್ದಳು.

ಗಾಡಿ ತಾನೇ ತಿರುಗಿತು.

ಮತ್ತೆ ಗೇಟು. ತನುಜ ಅಳುತ್ತಿದ್ದಳು, ಬೇರೆ ಸೀರೆಯಲ್ಲಿ. ಪಕ್ಕದಲ್ಲಿ ಪೊಲೀಸಿನವನು. "ತನೂ!" ಎಂದು ಕೂಗಿದ. ಬಾಯಿಂದ ಹೊರಟಿದ್ದು ಡುಬ್ ಡುಬ್ ಡುಬ್. ಹಾರಿಬಿಡೋಣವೆಂದರೆ ಅಂಗೈ ಗ್ರಿಪ್ಪಿಗೆ ಅಂಟಿತ್ತು. ಎಳೆದ. ಚರ್ಮ ಸುಲಿಯಿತು. ಬಿಡಲಿಲ್ಲ.

ಮತ್ತೆ ಗೇಟು. ಬಾಗಿಲಿಗೆ ಬೇವಿನ ಸೊಪ್ಪು. ಒಳಗಿನಿಂದ ಎಳೆಮಗುವಿನ ಅಳು. ಹುಟ್ಟಿದೆ! ಅವನಿಲ್ಲದೆ ಹುಟ್ಟಿದೆ.

ಕತ್ತಲಾಗಲಿಲ್ಲ. ಬೆಳಗಾಗಲಿಲ್ಲ. ಅದೇ ಸಂಜೆ. ಅದೇ ಕಮಟು. ಮತ್ತೆ ಗೇಟು, ಮಗು ಅಂಬೆಗಾಲಿಡುತ್ತಿದೆ. ಮತ್ತೆ ಗೇಟು, ಸ್ಕೂಲಿನ ಚೀಲ ಹೊತ್ತ ಹುಡುಗಿ. ಅವನದೇ ಮೂಗು. ತನುಜಳ ಕಿವಿಯ ಬಳಿ ಬಿಳಿಕೂದಲು.

ಹುಡುಗಿ ತಟ್ಟನೆ ತಿರುಗಿ ನೋಡಿದಳು. ಅವನನ್ನೇ.

"ಅಮ್ಮಾ, ಬೈಕು!"

"ಯಾವ ಬೈಕೇ? ಬರೀ ಸದ್ದು ಅದು. ಒಳಗ್ ಬಾ ಅಮೃತ."

ಅಮೃತ. ಹೆಸರು ಗೊತ್ತಾಯಿತು.

ಮುಂದಿನ ಸುತ್ತಿಗೆ ಹುಡುಗಿ ಒಬ್ಬಳೇ ರಸ್ತೆ ಬದಿಯಲ್ಲಿದ್ದಳು. ಕೈ ಅಡ್ಡ ಚಾಚಿದಳು. ಅವನು ಬ್ರೇಕ್ ತುಳಿಯಲಿಲ್ಲ. ಗಾಡಿ ನಿಂತಿತು. ಮೊದಲ ಸಲ, ಬೆಣ್ಣೆಯಷ್ಟು ಮೆತ್ತಗೆ.

"ಅಂಕಲ್, ಒಂದ್ ರೌಂಡ್ ಕರ್ಕೊಂಡೋಗ್ತೀರಾ?"

ಬೇಡ ಮಗಳೇ. ಹತ್ತಬೇಡ. ಓಡು. ಡುಬ್ ಡುಬ್ ಡುಬ್. ಬಾಯಲ್ಲಿ ಬರೀ ಹೊಗೆ. ಹುಡುಗಿ ನಕ್ಕಳು. ಟ್ಯಾಂಕಿನ ಮೇಲೆ ಹತ್ತಿ ಕೂತಳು. ಪುಟ್ಟ ಕೈಗಳು ಹ್ಯಾಂಡಲ್ ಹಿಡಿದವು.

ಅವನ ಅಂಗೈ ಕಳಚಿತು.

ಗಾಡಿ ಅವನನ್ನು ಒದರಿ ಮುಂದಕ್ಕೆ ಚಿಮ್ಮಿತು. ರಸ್ತೆಗೆ ಬಿದ್ದವನು ಎದ್ದು ಓಡಿದ. ತಿರುವಿನಲ್ಲಿ ಹೊಗೆ ಮಾತ್ರ ಇತ್ತು.

"ರೀ...?"

ಗೇಟಿನ ಬಳಿ ತನುಜ ನಿಂತಿದ್ದಳು. ಅವಳ ಕೈಯ ಪಾತ್ರೆ ಕೆಳಗೆ ಬಿತ್ತು. ಓಡಿ ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆಮೇಲೆ ಮನೆಯ ಕಡೆ ತಿರುಗಿ ಕೂಗಿದಳು:

"ಅಮೃತಾ, ಬೇಗ ಬಾರೇ! ನಿಮ್ಮಪ್ಪ ಬಂದ್ರು ಕಣೇ!"

ಅವರಿಬ್ಬರ ಪಕ್ಕದಲ್ಲೇ ಡುಬ್ ಡುಬ್ ಸದ್ದು ಹಾದುಹೋಯಿತು. ರಸ್ತೆ ಖಾಲಿಯಿತ್ತು.