ಕಿವಿರಿನ ಒಕ್ಕಲು

ಅದು ಮೀನುಗಳಿಗೂ ಮಾತು ಬರುತ್ತಿದ್ದ ಕಾಲ. ಆಗ ಮೂಹೊಳೆ ಎಂಬ ರಾಜ್ಯವಿತ್ತು. ಅಲ್ಲಿನ ಮೂರು ಹೊಳೆಗಳ ತುಂಬ ಬಾಳೆ, ಗಿರ್ಲು, ಚೇಳು ಎಂಬ ಮೂರು ಬಗೆಯ ಮೀಸೆಮೀನುಗಳು. ರಾಜನಿಗೆ ಜಾಕಬ್ಬೆ ಎಂಬ ಮಗಳು, ಬೂತುಗನೆಂಬ ಮಗ. ತಾಯಿಯಿಲ್ಲದ ತಮ್ಮನನ್ನು ಜಾಕಬ್ಬೆಯೇ ಎತ್ತಿ ಆಡಿಸಿ ಬೆಳೆಸಿದ್ದಳು.

ಒಂದು ದಿನ ಕರಿಮಲೆಯ ಮಾಯಾವಿ ದುರ್ಗಾಣ ಅರಮನೆಗೆ ಬಂದ.

"ಮೂರು ಹೊಳೆಗಳನ್ನೂ ನನಗೆ ಕೊಡು" ಎಂದ. ರಾಜ ಒಪ್ಪಲಿಲ್ಲ.

ಬೂತುಗ ನಕ್ಕುಬಿಟ್ಟ. "ಹೊಳೆಯನ್ನು ಯಾವ ಚೀಲದಲ್ಲಿ ಹೊತ್ತುಕೊಂಡು ಹೋಗುತ್ತೀರಿ, ಅಜ್ಜ?"

ಮಾಯಾವಿ ಒಂದು ಹಿಡಿ ಬೂದಿ ಎರಚಿದ. ನಗುತ್ತಿದ್ದ ಬೂತುಗ ಮೀಸೆಮೀನಾಗಿ ನೆಲದ ಮೇಲೆ ಪಟಪಟನೆ ಬಡಿದುಕೊಂಡ.

"ಇವನಿನ್ನು ನನ್ನ ಕೊಳದ ಮೀನು. ಹುಣ್ಣಿಮೆಯ ಮುಂಜಾನೆ ಬಂದು, ಸಾವಿರ ಮೀನುಗಳಲ್ಲಿ ಇವನನ್ನು ಗುರುತಿಸಿ ಹೆಸರು ಹಿಡಿದು ಕರೆದರೆ ಇವನು ನಿಮ್ಮವನು. ತಪ್ಪಿದರೆ ಕರೆದವರೂ ಮೀನು!" ಎಂದು ದುರ್ಗಾಣ ಮೀನನ್ನು ಎತ್ತಿಕೊಂಡು ಮಾಯವಾದ.

ಜಾಕಬ್ಬೆ ಕಣ್ಣೊರೆಸಿಕೊಂಡಳು. "ಮೀನಿನ ಗುಟ್ಟು ಮೀನಿಗೇ ಗೊತ್ತಿರಬೇಕು, ಅಪ್ಪಾಜಿ. ಕೇಳಿಕೊಂಡು ಬರುತ್ತೇನೆ" ಎಂದು ಹೊರಟಳು.

ಮೊದಲನೆಯ ಹೊಳೆಯಲ್ಲಿ ಆಳೆತ್ತರದ ಬಾಳೆಮೀನು ಅವಳ ಸೆರಗು ಕಚ್ಚಿ ಹಿಡಿಯಿತು. "ಕಿವಿರು ಉರಿಯುತ್ತಿದೆ. ನೋಡದೆ ಹೋದರೆ ನುಂಗುತ್ತೇನೆ!"

ಜಾಕಬ್ಬೆ ಕಿವಿರನ್ನು ಬಿಡಿಸಿ ನೋಡಿದಳು. ಅಕ್ಕಿಯ ತೌಡಿನಷ್ಟು ತೆಳ್ಳಗಿನ ಚಪ್ಪಟೆ ಹುಳುಗಳು ಒಂದೇ ಕಡೆ ಕೊಕ್ಕೆ ಹಾಕಿ ಗುಂಪುಗೂಡಿದ್ದವು. ಅಸಹ್ಯದಿಂದ ಮೈ ಜುಮ್ಮೆಂದಿತು. ಕಿತ್ತೆಸೆಯಲು ಹೋದಾಗ ಹುಳುವೊಂದು, "ಎಸೆಯಬೇಡ ತಾಯಿ, ನಮಗೆ ಇದು ಬಿಟ್ಟರೆ ಬೇರೆ ಮನೆಯಿಲ್ಲ" ಎಂದು ಅತ್ತಿತು.

"ನನ್ನ ಅಜ್ಜಿಯ ಕಿವಿರಲ್ಲೂ ಇವು ಇದ್ದವು. ಇರಲಿ ಬಿಡು, ಸ್ವಲ್ಪ ಸರಿದು ಕೂತರೆ ಸಾಕು" ಎಂದು ಮೀನು ಗೊಣಗಿತು. ಜಾಕಬ್ಬೆ ಹುಳುಗಳನ್ನು ಒಂದೊಂದಾಗಿ ಬಿಡಿಸಿ ಎರಡೂ ಕಿವಿರಿಗೆ ಹಂಚಿದಳು. ಉರಿ ಇಳಿಯಿತು.

ಎರಡನೆಯ ಹೊಳೆಯ ದಡದಲ್ಲಿ ಕೊಕ್ಕರೆ ಕುಕ್ಕಿ ಬಿಟ್ಟ ಗಿರ್ಲುಮೀನೊಂದು ಸತ್ತು ಬಿದ್ದಿತ್ತು. ಅದರ ಹುಳು ಒಣಗಿ ಸಾಯುತ್ತಿತ್ತು. ಜಾಕಬ್ಬೆ ಅದನ್ನು ಬೊಗಸೆ ನೀರಿನಲ್ಲಿಟ್ಟು, ಪಕ್ಕದಲ್ಲೇ ಸುಳಿದ ಬಾಳೆಮೀನಿನ ಕಿವಿರಿಗೆ ಹಚ್ಚಿದಳು. ಜಾರಿ ಬಿತ್ತು. ಮತ್ತೆ ಹಚ್ಚಿದಳು, ಮತ್ತೆ ಜಾರಿತು. ಸೊಂಟದುದ್ದದ ನೀರಿಗಿಳಿದು, ಕಾಡಿ ಬೇಡಿ ಒಂದು ಗಿರ್ಲುಮೀನನ್ನು ಕರೆದು ಅದಕ್ಕೆ ಹಚ್ಚಿದಳು. ಹುಳು ಗಟ್ಟಿಯಾಗಿ ಕಚ್ಚಿಕೊಂಡಿತು!

ಮೂರನೆಯ ಹೊಳೆಯ ಚೇಳುಮೀನು ಅವಳ ಅಂಗೈಗೆ ಮುಳ್ಳು ಚುಚ್ಚಿತು. ಮೊಣಕೈವರೆಗೂ ವಿಷ ಏರಿತು. ಆದರೂ ಅವಳು ಮೀನನ್ನು ಹೊಡೆಯಲಿಲ್ಲ. "ನನ್ನ ತಮ್ಮನನ್ನು ಹೇಗೆ ಗುರುತಿಸಲಿ, ಹೇಳು" ಎಂದಷ್ಟೇ ಕೇಳಿದಳು.

ಮೀನಿಗೆ ನಾಚಿಕೆಯಾಯಿತು. "ಒಂದು ಕಾಲಕ್ಕೆ ಇಲ್ಲಿ ಒಂದೇ ಹೊಳೆ, ಒಂದೇ ಮೀಸೆಮೀನು, ಒಂದೇ ಹುಳು. ಬೆಟ್ಟ ಎದ್ದು ಹೊಳೆ ಒಡೆಯಿತು. ತಲೆಮಾರು ಕಳೆದಂತೆ ನಾವು ಬೇರೆ ಬೇರೆಯಾದೆವು. ನಮ್ಮ ಜೊತೆಗೇ ಹುಳುಗಳ ಕೊಕ್ಕೆಯೂ ಬೇರೆಯಾಯಿತು. ನಮ್ಮ ಹುಳು ನಮಗೇ ಕೂರುತ್ತದೆ. ನಿನ್ನ ತಮ್ಮ ನಿನ್ನೆ ಮೊನ್ನೆ ಮೀನಾದವನು. ಅವನಿಗೆ ಹೊಂದುವ ಹುಳು ಲೋಕದಲ್ಲೇ ಇಲ್ಲ."

ಹುಣ್ಣಿಮೆಯ ಮುಂಜಾನೆ ಅವಳು ಕರಿಮಲೆಗೆ ಹೋಗಿ ದುರ್ಗಾಣನ ಕೊಳಕ್ಕಿಳಿದಳು. ಮಾಯಾವಿ ಎಲ್ಲ ಮೀನುಗಳಿಗೂ ಒಂದೇ ರೂಪ ಕೊಟ್ಟಿದ್ದ. ಅವಳ ಹಾದಿಯ ಮೇಲೆಲ್ಲ ಕಣ್ಣಿಟ್ಟಿದ್ದ ಅವನ ಕಾಗೆ ಹುಳುವಿನ ಗುಟ್ಟನ್ನು ಮುಟ್ಟಿಸಿದ್ದರಿಂದ, ಒಂದು ಕಿವಿರೂ ಬರಿದಾಗಿರದಂತೆ ಹುಳುಗಳನ್ನು ತಂದು ತುಂಬಿಸಿದ್ದ.

ಒಂದು ಮೀನು ಓಡಿಬಂದು, ಬೂತುಗ ಮಗುವಾಗಿದ್ದಾಗ ಮಾಡುತ್ತಿದ್ದಂತೆ ಅವಳ ಕೈಗೆ ತಲೆ ಉಜ್ಜಿತು. ಜಾಕಬ್ಬೆ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡಳು. ಹೆಸರು ನಾಲಿಗೆಯ ತುದಿಗೆ ಬಂತು. ಆದರೂ ಕಿವಿರು ನೋಡಿದಳು. ಹುಳು ಬಿಗಿಯಾಗಿ ಕೂತಿತ್ತು.

"ನೀನಲ್ಲ, ಮರೀ" ಎಂದು ಅದನ್ನು ಬಿಟ್ಟಳು.

ಪಾಚಿಯ ಅಡಿಯಲ್ಲಿ ಒಂದು ಮೀನು ಹೆದರಿ ಮುದುಡಿತ್ತು. ಅದರ ಕಿವಿರಿನಿಂದ ಹುಳುಗಳು ಹಿಡಿತ ಸಿಗದೆ ಜಾರುತ್ತಿದ್ದವು.

"ಬೂತುಗಾ!"

ನೀರು ಚಿಮ್ಮಿತು. ತಮ್ಮ ಮನುಷ್ಯನಾಗಿ ಅಕ್ಕನ ಕೊರಳಿಗೆ ಬಿದ್ದ. ದಡದಲ್ಲಿದ್ದ ದುರ್ಗಾಣನ ಮಾಯೆಯೆಲ್ಲ ಹೊಗೆಯಾಗಿ ಹೋಗಿ, ಚಳಿಗೆ ನಡುಗುವ ಮುದುಕನೊಬ್ಬ ಉಳಿದ.

"ನನಗೆ ನನ್ನವರು ಅಂತ ಯಾರೂ ಇಲ್ಲ. ಹೊಳೆಯಾದರೂ ನನ್ನದಾಗಲಿ ಅಂದುಕೊಂಡೆ" ಎಂದು ಅವನು ಬಿಕ್ಕಿದ. ಜಾಕಬ್ಬೆ ತನ್ನ ಶಾಲನ್ನು ಅವನಿಗೆ ಹೊದಿಸಿದಳು. ಆಮೇಲೆ ಜಾರಿಬಿದ್ದ ಹುಳುಗಳನ್ನು ಆಯ್ದು, ಅವುಗಳದೇ ಮೀನಿಗೆ ಸೇರಿಸಿ, ಕೊಳದ ಮೀನುಗಳನ್ನೆಲ್ಲ ಹೊಳೆಗಳಿಗೆ ಬಿಟ್ಟಳು.

"ಎಲ್ಲರೂ ಬೈಯುವ ಹುಳು ಅದು. ಅಸಹ್ಯ ಆಗಲಿಲ್ಲವಾ ಅಕ್ಕ?" ಬೂತುಗ ಕೇಳಿದ.

"ಮೊದಮೊದಲು ಆಯಿತು. ನಿನಗೆ?"

ಅವನು ಕಿವಿರಿದ್ದ ಜಾಗವನ್ನು ಸವರಿಕೊಂಡ. "ಸಾವಿರ ಮೀನಿನ ನಡುವೆ ನಾನೊಬ್ಬನೇ ಒಂಟಿ ಅನಿಸುತ್ತಿತ್ತು. ಹುಳುಗಳು ಜಾರುವಾಗ, ನಿಲ್ಲಿ, ಹೋಗಬೇಡಿ ಅಂತ ಅಳುತ್ತಿದ್ದೆ."

ಅಕ್ಕ ಅವನ ಒದ್ದೆ ತಲೆ ಒರೆಸಿದಳು. ಮುದುಕನ ಕೈ ಹಿಡಿದು ಮೂವರೂ ಅರಮನೆಗೆ ನಡೆದರು. ಅಂದಿನಿಂದ ಮೂಹೊಳೆಯಲ್ಲಿ ನೀರಿನವರು ನೀರಲ್ಲಿ, ನೆಲದವರು ನೆಲದಲ್ಲಿ, ಎಲ್ಲರೂ ಸುಖವಾಗಿದ್ದರು.